ಕೇಳಿದವರೇ ಒಡೆಯರು

ನಮ್ಮೂರಿನ ಹೆಂಗಸರು ಬೆಳಗ್ಗೆ ಒಲೆ ಹೊತ್ತಿಸಬೇಕಾದರೆ ಮೊದಲು ಗಂಡಸರನ್ನು ಎಬ್ಬಿಸಬೇಕಿತ್ತು. ಒಲೆ ಗಂಡನ ಹೆಸರಿಗಿದ್ದರೆ ಗಂಡನ ಕೈಗೇ ಹೊತ್ತಿಕೊಳ್ಳುತ್ತಿತ್ತು, ಮಾವನ ಹೆಸರಿಗಿದ್ದರೆ ಮಾವನ ಕೈಗೆ. ಹೆಂಡತಿ ಎಷ್ಟು ತಿರುಗಿಸಿದರೂ ಅದು ಸುಮ್ಮನೆ ಕೂತಿರುತ್ತಿತ್ತು. ಬೆಳಗಿನ ಹೊತ್ತು ಬೀದಿಯಲ್ಲಿ ನಡೆದರೆ ಮನೆಮನೆಯಿಂದಲೂ, "ರೀ, ಏಳ್ರೀ, ಒಂದ್ಸಲ ಕೈ ಇಟ್ಟು ಮತ್ತೆ ಮಲಕ್ಕೊಳ್ಳಿ" ಎನ್ನುವ ಮಾತು ಕೇಳಿಸುತ್ತಿತ್ತು. ಗಂಡ ಪರಸ್ಥಳಕ್ಕೆ ಹೋದ ಮನೆಯಲ್ಲಿ ಅವನು ಬರುವ ತನಕ ಅವಲಕ್ಕಿ, ಮೊಸರು. ಮೊದಮೊದಲು ಗಂಡಸರಿಗೆ ಇದರಿಂದ ಜಂಬವಿತ್ತು. ಆಮೇಲೆ ಹಾಲು ಕಾಯಿಸಲು, ನೆಂಟರಿಗೆ ಕಾಫಿ ಮಾಡಲು, ಮಗುವಿಗೆ ಬಿಸಿನೀರು ಇಡಲು ಎಂದು ಅಂಗಡಿಯಿಂದ, ಗದ್ದೆಯಿಂದ ಓಡಿ ಬಂದು ಬಂದು ಅವರೂ ಸೋತರು.

ಇದೆಲ್ಲ ಆಗುತ್ತಿದ್ದುದು ನಾನು ಕೂರುವ ಕಿಟಕಿಯಿಂದ. ಊರಂಚಿನ ಹಳೆಯ ನೀರಿನ ಟ್ಯಾಂಕೇ ನಮ್ಮ ಕಚೇರಿ. ಎತ್ತರದ ಕಂಬಗಳ ಮೇಲೆ ಕೂತ ಆ ಗುಂಡನೆಯ ಕೋಣೆಯೊಳಗೆ ಒಂದು ಸರ್ವರ್, ಒಂದು ಕಂಪ್ಯೂಟರ್, ಒಂದು ಕಿಟಕಿ. ಕಿಟಕಿಯ ಹೊರಗೆ ಬಂದು ನಿಂತವರು ಬೇಕಾದ್ದನ್ನು ಹೇಳುತ್ತಾರೆ. ನಾನು ಟೈಪ್ ಮಾಡಿ ಸೇವ್ ಒತ್ತುತ್ತೇನೆ. ಅವರು ಮೆಟ್ಟಿಲಿಳಿದು ಮನೆ ಸೇರುವಷ್ಟರಲ್ಲಿ ಆ ವಸ್ತು ಅಲ್ಲಿ ಇರುತ್ತದೆ. ಒಲೆ, ದೀಪ, ಬಾಗಿಲು, ತೊಟ್ಟಿಲು, ಮಂಚ, ಏನಾದರೂ ಸರಿ. ಡೇಟಾಬೇಸಿಗೆ ಒಂದು ವಸ್ತು ಸೇರಿದರೆ ಊರಿಗೂ ಅದು ಸೇರುತ್ತದೆ. ಬೇರೆ ಊರಿಂದ ಬಂದ ಸೊಸೆಯರು ಕೆಲವು ದಿನ ಕಣ್ಣರಳಿಸಿಕೊಂಡು ನೋಡುತ್ತಾರೆ. ಆಮೇಲೆ ಅವರೂ ಗಂಡನನ್ನು ಎಬ್ಬಿಸಲು ಕಲಿಯುತ್ತಾರೆ.

ನನ್ನ ಹೆಸರು ನೀಲಾವತಿ. ಊರಿಗೆಲ್ಲ ನೀಲಕ್ಕ. ಕಂಪ್ಯೂಟರಿನಲ್ಲಿರುವ ಫ್ರೇಮ್‌ವರ್ಕ್ ನಾವು ಮಾಡಿದ್ದಲ್ಲ, ಎಲ್ಲಿಂದಲೋ ಬಂದದ್ದು. ಅದು ಕೇಳಿದ್ದನ್ನು ತೆಗೆದುಕೊಳ್ಳುತ್ತದೆ, ಏನಾದರೂ ಬಿಟ್ಟುಹೋಗಿದೆಯೇ ಎಂದು ನೋಡುತ್ತದೆ, ಎಲ್ಲ ಸರಿಯಿದ್ದರೆ ವಸ್ತುವನ್ನು ಸೃಷ್ಟಿಸುತ್ತದೆ. ಅದರ ಪಾಡಿಗೆ ಬಿಟ್ಟರೆ ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡಿಬಿಡುತ್ತದೆ. ಆದರೆ ನೋಡುವುದಕ್ಕೂ ಸೃಷ್ಟಿಸುವುದಕ್ಕೂ ನಡುವೆ ಒಂದು ಸಣ್ಣ ಜಾಗ ಬಿಟ್ಟಿದ್ದಾರೆ. ಅಲ್ಲಿ ಆಯಾ ಊರಿನವರು ತಮ್ಮ ಮಾತು ಸೇರಿಸಿಕೊಳ್ಳಬಹುದು. ನಮ್ಮ ಪುರಸಭೆಯವರು ಅಲ್ಲಿ ಒಂದು ಸಾಲು ಕೋಡ್ ಸೇರಿಸಿದ್ದರು: ಕಿಟಕಿಯ ಮುಂದೆ ನಿಂತು ಕೇಳಿದವರು ಯಾರೋ ಅವರೇ ವಸ್ತುವಿನ ಒಡೆಯರು. ವಸ್ತು ಒಡೆಯರ ಮಾತನ್ನಷ್ಟೇ ಕೇಳುತ್ತಿತ್ತು. ನಾನು ಕೆಲಸಕ್ಕೆ ಸೇರುವ ಹೊತ್ತಿಗೇ ಆ ಸಾಲು ಅಲ್ಲಿತ್ತು.

ಟ್ಯಾಂಕಿಗೆ ಹತ್ತಲು ಇರುವುದು ಕಂಬಕ್ಕೆ ಸುತ್ತಿಕೊಂಡು ಏರುವ ಕಬ್ಬಿಣದ ಮೆಟ್ಟಿಲು. ಒಬ್ಬರ ಹಿಂದೊಬ್ಬರು ಹತ್ತಬೇಕು. ಮೇಲೆ ಗಾಳಿ, ಕಾಲಡಿಯ ಸಂದಿನಲ್ಲಿ ಕೆಳಗಿನ ನೆಲ. ಹೆಂಗಸರು ಹತ್ತಬಾರದೆಂದು ಯಾರೂ ಹೇಳಿರಲಿಲ್ಲ. ಆದರೆ ಸೀರೆಯುಟ್ಟು, ಕೆಳಗೆ ಸರದಿಯಲ್ಲಿ ನಿಂತ ಗಂಡಸರ ತಲೆಯ ಮೇಲೆ ಸುತ್ತಿ ಸುತ್ತಿ ಹತ್ತಲು ಯಾರಿಗೆ ಮನಸ್ಸು ಬರುತ್ತದೆ? ಕಂಪ್ಯೂಟರನ್ನು ಕೆಳಗಿಳಿಸಿ ನೋಡಿದ್ದೂ ಆಗಿತ್ತು. ಕೆಳಗೆ ಅದು ಏನನ್ನೂ ಮಾಡಲಿಲ್ಲ. ಹಾಗಾಗಿ ಮನೆಗೊಬ್ಬ ಗಂಡಸು ಹತ್ತಿ ಬರುವುದು, ಮನೆಯವರೆಲ್ಲ ಅವನ ಕೈ ಕಾಯುವುದು ರೂಢಿಯಾಯಿತು. ಒಂದು ಮನೆಗೆ ಒಂದೇ ಒಲೆ ಎಂಬ ನಿಯಮವೂ ಇದ್ದುದರಿಂದ ಆಮೇಲೆ ಹೆಂಡತಿ ಧೈರ್ಯ ಮಾಡಿ ಹತ್ತಿದರೂ ಪ್ರಯೋಜನವಿರಲಿಲ್ಲ. ಒಮ್ಮೆ ಹುಟ್ಟಿದ ವಸ್ತುವಿಗೆ ಒಡೆಯರನ್ನು ಬದಲಿಸಲು ಬರುವುದಿಲ್ಲ.

ಹತ್ತುವ ಗಂಡಸೂ ಇಲ್ಲದ, ತಾವೂ ಹತ್ತಲಾರದ ಜನ ಇದ್ದೇ ಇರುತ್ತಾರಲ್ಲ. ಗಂಡ ಸತ್ತ ಮೇಲೆ ಸಿದ್ಧಗಂಗಮ್ಮನ ಒಲೆ ತಣ್ಣಗಾಯಿತು. ಒಡೆಯ ಸತ್ತ ಒಲೆ ಲೆಕ್ಕಕ್ಕಿಲ್ಲ, ಹೊಸದು ಕೇಳಬಹುದಿತ್ತು. ಆದರೆ ಆಕೆಗೆ ಸೊಂಟ ಹಿಡಿದು ಮೆಟ್ಟಿಲು ಅಸಾಧ್ಯ. ಪಕ್ಕದ ಮನೆಯಲ್ಲಿ ಬೇಯಿಸಿಕೊಂಡು, ಬಿಸಿ ಪಾತ್ರೆಯನ್ನು ಸೆರಗಿನಲ್ಲಿ ಹಿಡಿದು ಬರುತ್ತಿದ್ದುದನ್ನು ನೋಡಲಾಗದೆ ಒಂದು ದಿನ ನಾನೇ ಆಕೆಯ ಪರವಾಗಿ ಒಲೆ ಕೇಳಿದೆ. ಕಿಟಕಿಯ ಹೊರಗೆ ಯಾರೂ ಇಲ್ಲದಿದ್ದರೆ ಕಂಪ್ಯೂಟರು ಒಳಗೆ ಕೂತವರನ್ನೇ ಕೇಳಿದವರು ಎಂದುಕೊಳ್ಳುತ್ತದೆ. ಒಲೆ ಸಿದ್ಧಗಂಗಮ್ಮನ ಅಡುಗೆಮನೆಯಲ್ಲಿ ಹುಟ್ಟಿತು, ಒಡತಿ ನಾನಾದೆ. ಅಂದಿನಿಂದ ಸಂಜೆ ಕೆಲಸ ಮುಗಿಸಿ ಹೋಗಿ ಅದನ್ನು ಹೊತ್ತಿಸುವುದು ನನ್ನ ಪಾಲಿಗೆ ಬಂತು. ಆಮೇಲೆ ಕಣ್ಣು ಕಾಣದ ನಾಗಭೂಷಣ ಮೇಷ್ಟರ ನೀರಿನ ಪಂಪು. ಆಮೇಲೆ ಗಂಡ ಬಿಟ್ಟುಹೋದ ಒಬ್ಬ ಬಾಣಂತಿಯ ತೊಟ್ಟಿಲು. ಅದನ್ನು ನಾನು ಒಮ್ಮೆ ತೂಗಿ ಬಂದರೆ ಬಹಳ ಹೊತ್ತು ತಾನೇ ತೂಗುತ್ತಿತ್ತು. ಒಂದು ಮನೆಗೆ ಮಾಡಿಕೊಟ್ಟ ಮೇಲೆ ಇನ್ನೊಂದು ಮನೆಗೆ ಇಲ್ಲವೆನ್ನುವುದು ಹೇಗೆ? ಸಂಜೆಯಾದರೆ ಊರ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು, ತಿರುಗಿಸಿ, ಒತ್ತಿ, ತೆರೆದು, ಹಚ್ಚಿ, ಮನೆ ಸೇರುವಾಗ ಕಾಲು ಮರದ ಕೊರಡಾಗಿರುತ್ತಿತ್ತು. ನಮ್ಮ ಯಜಮಾನರು ವಿರೂಪಾಕ್ಷಪ್ಪನವರು ತಟ್ಟೆ ಇಡುತ್ತ, "ಊರ ಒಲೆಯೆಲ್ಲ ನಿನ್ನ ಹೆಸರಿಗೆ. ನಮ್ಮನೆ ಒಲೆ ಮಾತ್ರ ನನ್ನ ತಲೇಗೆ" ಎನ್ನುತ್ತಿದ್ದರು. ಅವರೇ ಬೇಯಿಸಿದ ಅನ್ನ ಸಾರನ್ನು ಉಂಡು ಮಲಗಿದರೆ ನನಗೆ ಕನಸು ಕೂಡ ಬೀಳುತ್ತಿರಲಿಲ್ಲ.

ಗುಲಾಬಿಯ ಮನೆ ಹಳೆ ಬೇಕರಿಯ ಹಿಂದಿನ ಓಣಿಯಲ್ಲಿತ್ತು. ಮನೆ ಅವಳ ಅಣ್ಣ ಮಾದೇಶನದು. ಮುಂದಿನ ಕೋಣೆಯಲ್ಲಿ ಇವಳು. ಮಗುವಾಗಿದ್ದಾಗಲೇ ಜ್ವರ ಬಂದು ಎರಡು ಕಾಲಿನ ಶಕ್ತಿಯೂ ಹೋಗಿತ್ತು. ಕೈ ಮಾತ್ರ ಬಹಳ ಚುರುಕು. ಸೂಜಿಯಲ್ಲಿ ಅವಳು ಹಾಕಿದ ಹೊಲಿಗೆಯನ್ನು ಮಷೀನಿನದು ಎಂದೇ ಜನ ತಿಳಿಯುತ್ತಿದ್ದರು. ಬೀದಿಯ ಹೆಂಗಸರು ರವಿಕೆ ಕೊಡುತ್ತಿದ್ದರು. ಕೈಯಲ್ಲೇ ಹೊಲಿದು ಮುಗಿಸಲಾಗದೆ ಅವಳು ಎಷ್ಟೋ ಸಲ ಬಟ್ಟೆ ವಾಪಸು ಕಳಿಸುತ್ತಿದ್ದಳು. ಒಂದು ದಿನ ನಾನು ಆ ದಾರಿಯಲ್ಲಿ ಹೋಗುವಾಗ ಕಿಟಕಿಯಿಂದ ಕರೆದಳು.

"ನೀಲಕ್ಕ, ನಂಗೊಂದು ಹೊಲಿಗೆ ಮಷೀನು ಮಾಡ್ಕೊಡು. ಕಾಲಲ್ಲಿ ತುಳಿಯೋದಲ್ಲ. ಮೋಟಾರಿಂದು. ಮೊಣಕೈಲಿ ಒತ್ತೋ ಹಾಗಿರ್ಲಿ."

"ನಿಮ್ಮಣ್ಣನ್ನ ಹತ್ತಿಸಮ್ಮ. ಗಟ್ಟಿಮುಟ್ಟಾಗಿದಾನೆ. ಮನೇಲೇ ಇರ್ತಾನೆ, ನಿಂಗೂ ಅನುಕೂಲ."

ಅವಳು ಕೋಣೆಯ ಮೂಲೆಯಲ್ಲಿದ್ದ ದೀಪದ ಕಡೆ ಗಲ್ಲ ತೋರಿಸಿದಳು. "ಅದು ಅವಂದೇ. ಹೋದ ತಿಂಗಳು ಅತ್ತಿಗೆಗೆ ನಾನೊಂದು ಎದುರುಮಾತು ಆಡ್ದೆ. ಒಂದು ವಾರ ಹಚ್ಲಿಲ್ಲ. ಮಷೀನೂ ಅವನ ಹೆಸರಿಗಾದ್ರೆ ಅವನಿಗೆ ಸಿಟ್ಟು ಬಂದಾಗೆಲ್ಲ ನಾನು ಕೈ ಕಟ್ಕೊಂಡು ಕೂರ್ಬೇಕು. ನಿನ್ ಹೆಸರಿಗೆ ಮಾಡು. ಸಂಜೆ ಒಂದ್ಸಲ ಬಂದು ಶುರು ಮಾಡ್ಕೊಟ್ರೆ ಸಾಕು, ಮಿಕ್ಕಿದ್ದು ನಾನು ನೋಡ್ಕೋತೀನಿ."

ಇನ್ನೊಂದು ಮನೆ ಬೇಡವೆಂದು ನನ್ನ ಕಾಲು ಹೇಳುತ್ತಿತ್ತು. ಆದರೂ ಮರುದಿನ ಸೇವ್ ಒತ್ತಿದೆ. ಕಪ್ಪು ಬಣ್ಣದ, ಭಾರವಾದ, ಸದ್ದು ಕಡಿಮೆಯ ಒಳ್ಳೆಯ ಮಷೀನು. ನಾನು ಸಂಜೆ ಹೋಗಿ ಅದರ ಚಕ್ರದ ಮೇಲೆ ಕೈಯಿಟ್ಟರೆ ಗುಂಯ್ ಎಂದು ಎದ್ದುಕೊಳ್ಳುತ್ತಿತ್ತು. ಆದರೆ ಅದಕ್ಕೊಂದು ಸ್ವಭಾವ. ಒಮ್ಮೆ ಸೂಜಿ ನಿಂತು, ಒಂದು ಉಸಿರು ಬಿಡುವಷ್ಟು ಹೊತ್ತು ಸುಮ್ಮನಾದರೆ ಪೂರ್ತಿ ನಿಂತೇ ಬಿಡುತ್ತಿತ್ತು. ಮತ್ತೆ ಎಬ್ಬಿಸಲು ನಾನೇ ಬರಬೇಕು, ಅಂದರೆ ಮರುದಿನ ಸಂಜೆ.

ಗುಲಾಬಿ ಇದಕ್ಕೆ ತನ್ನದೇ ರೀತಿಯಲ್ಲಿ ಹೊಂದಿಕೊಂಡಳು. ಒಂದು ರವಿಕೆ ಮುಗಿದು ಇನ್ನೊಂದನ್ನು ಕೈಗೆತ್ತಿಕೊಳ್ಳುವ ತನಕ ಸೂಜಿಯ ಕೆಳಗೆ ಚಿಂದಿ ಬಟ್ಟೆ ಓಡಿಸುತ್ತಿದ್ದಳು. ಬಲಗೈ ಹೊಲಿಯುತ್ತಿರುವಾಗ ಎಡಗೈಯಲ್ಲಿ ಮುಂದಿನದನ್ನು ಮಡಿಸುವಳು. ಬಟ್ಟೆ ಕತ್ತರಿಸುವುದೆಲ್ಲ ಹಗಲಿನಲ್ಲೇ. ದಾರ ಮುಗಿಯುವ ಮೊದಲೇ ಹೊಸದನ್ನು ಗಂಟು ಹಾಕಿ ಸೇರಿಸುವಳು. ಅತ್ತಿಗೆ ಊಟ ತಂದಿಟ್ಟರೆ ಮೊಣಕೈಯಿಂದ ಗುಂಡಿ ಒತ್ತಿಕೊಂಡೇ ಒಂದು ಕೈಯಲ್ಲಿ ಚಿಂದಿ ಓಡಿಸುತ್ತ ಇನ್ನೊಂದು ಕೈಯಲ್ಲಿ ತುತ್ತು. ಯಾರಾದರೂ ಮಾತಾಡಿಸಿದರೆ ತಲೆಯೆತ್ತದೆ ಉತ್ತರ. ಕೆಲಸ ಬಹಳ ಬರುತ್ತಿತ್ತು, ಒಳ್ಳೆಯ ಹೆಸರೂ ಬಂತು. ಅವಳ ಕಣ್ಣ ಸುತ್ತ ಮಾತ್ರ ಕಪ್ಪಾಗುತ್ತ ಹೋಯಿತು.

"ಸಾಕು ಮಾಡೇ ಗುಲಾಬಿ, ನಿಂತ್ರೆ ನಿಲ್ಲಲಿ. ನಾಳೆ ಬರ್ತೀನಲ್ಲ," ಎಂದು ನಾನು ಹೇಳಿದಾಗ, "ನೀನು ನಾಳೆ ಬರೋದು ನಿನ್ ಕೈಲಿದೆ, ನನ್ ಕೈಲಿಲ್ವಲ್ಲಕ್ಕ" ಎಂದಳು. ಸಿಟ್ಟಿನಿಂದಲ್ಲ, ಇದ್ದದ್ದನ್ನು ಇದ್ದಂತೆ ಹೇಳುವ ಹಾಗೆ.

ನಮ್ಮ ತಂಗಿಯ ಮಗಳ ಮದುವೆ ಗೊತ್ತಾಯಿತು. ನದಿ ದಾಟಿ, ಬಸ್ಸು ಹಿಡಿದು ಹೋಗಬೇಕಾದ ಊರು. ಹೋಗದಿರಲು ಆಗುವುದಿಲ್ಲ. ಮನೆಮನೆಗೂ ಹೇಳಿಕೊಂಡು ಬಂದೆ. ಸಿದ್ಧಗಂಗಮ್ಮ ಅವಲಕ್ಕಿ ತರಿಸಿಟ್ಟುಕೊಂಡರು, ಮೇಷ್ಟರು ಕೊಡ ತುಂಬಿಸಿಕೊಂಡರು. ಹೊರಡುವ ದಿನ ಕೊನೆಗೆ ಗುಲಾಬಿಯ ಮನೆಗೆ ಹೋಗಿ ಚಕ್ರದ ಮೇಲೆ ಕೈಯಿಟ್ಟೆ. "ಬರೋ ತನಕ ನಿಲ್ಸಲ್ಲ ನೋಡು" ಎಂದು ನಕ್ಕಳು. ತಮಾಷೆಗೆ ಹೇಳಿದಳು ಎಂದುಕೊಂಡೆ. ಶಾಲೆ ತೆರೆಯುವ ಕಾಲ, ಮಕ್ಕಳ ಸಮವಸ್ತ್ರದ ಬಟ್ಟೆ ಅವಳ ಸುತ್ತ ರಾಶಿ ಬಿದ್ದಿತ್ತು.

ಮದುವೆಯಲ್ಲಿ ನಾನು ಬಹಳ ನಿದ್ದೆ ಮಾಡಿದೆ. ಯಾರೂ ನನ್ನ ಕೈ ಕಾಯುತ್ತಿರಲಿಲ್ಲ. ತಂಗಿ ಇನ್ನೊಂದು ದಿನ ಇರು ಎಂದಾಗ ಇದ್ದುಬಿಟ್ಟೆ.

ಹಿಂತಿರುಗಿ ಬಂದು ಚೀಲ ಇಡುವ ಮೊದಲೇ ಯಜಮಾನರು ಹೇಳಿದರು. ಗುಲಾಬಿ ನಿದ್ದೆಯಿಲ್ಲದೆ ಹೊಲಿದು ಹೊಲಿದು, ಎರಡನೆಯ ಬೆಳಗ್ಗೆ ಕೂತಲ್ಲೇ ತೂಕಡಿಸಿದ್ದಾಳೆ. ಮೊಣಕೈ ಗುಂಡಿಯ ಮೇಲೇ ಇತ್ತು. ಸೂಜಿ ಬೆರಳಿನ ಮೇಲೆ ಓಡಿದೆ. ಕೂಗಿಗೆ ಮಾದೇಶ ಓಡಿ ಬಂದು ಚಕ್ರ ಹಿಡಿದರೆ ಚಕ್ರ ಅವನ ಮಾತು ಕೇಳಬೇಕಲ್ಲ. ಅವನು ತಂಗಿಯನ್ನೇ ಹಿಂದಕ್ಕೆ ಎಳೆದುಕೊಂಡಿದ್ದಾನೆ. ತೋರುಬೆರಳ ಉಗುರು ಹೋಗಿದೆ, ಅದರ ಪಕ್ಕದ ಬೆರಳೂ ಹರಿದಿದೆ.

ಹೋಗಿ ನೋಡಿದೆ. ಕೈಗೆ ದಪ್ಪನೆಯ ಪಟ್ಟಿ. ಮಷೀನು ಮೂಲೆಯಲ್ಲಿ ಸುಮ್ಮನೆ ನಿಂತಿತ್ತು. ಗುಲಾಬಿ ನನ್ನ ಮುಖ ನೋಡಲಿಲ್ಲ.

"ನಿನ್ನೆ ಬರ್ತೀನಿ ಅಂದಿದ್ದೆ ನೀನು" ಎಂದಳು.

"ತಂಗಿ ಬಿಡ್ಲಿಲ್ಲ ಕಣೇ."

"ಮಕ್ಕಳು ಹಳೇ ಅಂಗಿ ಹಾಕ್ಕೊಂಡು ಶಾಲೆಗೆ ಹೋದ್ವು. ಎಲ್ಲ ಬಟ್ಟೆ ವಾಪಸ್ ತಗೊಂಡು ಹೋದ್ರು." ಪಟ್ಟಿ ಕಟ್ಟಿದ ಕೈಯನ್ನು ಮಡಿಲಿಗೆ ಎಳೆದುಕೊಂಡು, "ನಿಂಗೆ ಬೈಯೋಕೂ ನಂಗೆ ಬಾಯಿಲ್ಲ. ನಿಂದೇ ಮಷೀನು" ಎಂದಳು.

ಬೆರಳಿನ ಗಾಯಕ್ಕಿಂತ ಆ ಮಾತು ನನ್ನನ್ನು ನೋಯಿಸಿತು. ಅಣ್ಣನ ಕೈ ಕಾಯುವುದು ಬೇಡವೆಂದು ಅವಳು ನನ್ನ ಹತ್ತಿರ ಬಂದಿದ್ದಳು. ಈಗ ಅಣ್ಣನ ಬದಲು ನನ್ನನ್ನು ಕಾಯುತ್ತಿದ್ದಳು, ಅಷ್ಟೇ ವ್ಯತ್ಯಾಸ.

ಮರುದಿನ ಪುರಸಭೆಯ ಅಧ್ಯಕ್ಷರ ಮನೆಗೆ ಹೋದೆ. ಮಲ್ಲಿನಾಥಪ್ಪನವರು ವಯಸ್ಸಾದವರು, ಯಾರ ಮಾತನ್ನೂ ಅರ್ಧಕ್ಕೆ ಬಿಟ್ಟು ಎದ್ದು ಹೋಗುವವರಲ್ಲ. ಆ ಸಾಲನ್ನು ಸೇರಿಸಿದ್ದು ಅವರ ಕಾಲದಲ್ಲೇ. ನಾನು ವಿಷಯ ಹೇಳಿದೆ. ಕೇಳಿದವರ ಹೆಸರಲ್ಲ, ವಸ್ತು ಯಾರಿಗೆ ಬೇಕೋ ಅವರ ಹೆಸರೇ ಬೀಳುವ ಹಾಗೆ ಮಾಡುತ್ತೇನೆ, ಅಪ್ಪಣೆ ಕೊಡಿ ಎಂದೆ.

ಅವರು ಬೀದಿಯ ಕಡೆ ತಿರುಗಿ ಕೂತರು. "ನೋಡಮ್ಮ ನೀಲಾವತಿ, ನಿಂಗೆ ಆ ಕಾಲ ಗೊತ್ತಿಲ್ಲ. ಆಗ ಯಾರು ಯಾರ ಹೆಸರು ಬೇಕಾದ್ರೂ ಹೇಳ್ಬಹುದಿತ್ತು. ನನ್ನ ತಮ್ಮ ರೇವಣ್ಣ ಅಂತ ಇದ್ದ. ಅವನ ಮೇಲೆ ಹೊಟ್ಟೆಕಿಚ್ಚಿದ್ದವನು ಯಾವನೋ ಅವನ ಹೆಸರಲ್ಲಿ ಒಂದು ಕಲ್ಲುಗೋಡೆ ಕೇಳ್ದ. ಬೀದಿಗೆ ಅಡ್ಡವಾಗಿ. ರೇವಣ್ಣ ಊರಲ್ಲಿರ್ಲಿಲ್ಲ. ಬೇರೆಯವರು ಒಡೆಯೋಕೆ ಹೋದ್ರೆ ಸುತ್ತಿಗೆ ಜಾರಿ ಬರ್ತಿತ್ತು. ಮಂಜಿನಲ್ಲಿ ಒಬ್ಬ ಗಾಡಿಯವನು ಬಂದು ಅದಕ್ಕೆ ಗುದ್ದಿದ, ಸತ್ತೂ ಹೋದ. ಗೋಡೆ ಯಾರದು ಅಂದ್ರೆ ರೇವಣ್ಣಂದು. ನಾನು ಕೇಳಿಲ್ಲ, ನಂಗೆ ಬೇಡ ಅಂತ ಅವನು ಎಷ್ಟು ಬಡ್ಕೊಂಡ್ರೂ ಯಾರು ಕೇಳ್ತಾರೆ? ಒಡೆದ್ರೆ ತನ್ನದೇ ಅಂತ ಒಪ್ಕೊಂಡ ಹಾಗಾಗುತ್ತೆ ಅಂತ ಗೋಡೆ ಮುಟ್ಟದೇ ಊರು ಬಿಟ್ಟು ಹೋದ. ಎಲ್ಲಿದಾನೆ ಅಂತ ಇವತ್ತಿಗೂ ಗೊತ್ತಿಲ್ಲ."

ಆ ಗೋಡೆ ನನಗೆ ಗೊತ್ತಿತ್ತು. ಬೀದಿ ಅದನ್ನು ಬಳಸಿಕೊಂಡು ತಿರುಗುತ್ತದೆ. ಅದರ ಹಿಂದಿನ ಕಥೆ ನಾನು ಕೇಳಿರಲಿಲ್ಲ.

"ಅದಕ್ಕೇ ಆ ಸಾಲು. ಕೇಳ್ದವನು ತಾನೇ ಹೊರ್ಲಿ ಅಂತ," ಎಂದರು ಅಧ್ಯಕ್ಷರು. "ಇನ್ನೊಬ್ಬರ ತಲೆಗೆ ಕಟ್ಟೋದು ತಪ್ಪಿತು. ಒಲೆ ಹಚ್ಚೋದಕ್ಕೆ ಗಂಡಸರು ಎದ್ರೆ ಏನು ಹೋಯ್ತು?"

"ನಿಮ್ಮ ತಮ್ಮನಿಗೆ ಯಾರೂ ಬೇಕಾ ಅಂತ ಕೇಳ್ಲಿಲ್ಲ, ಅಲ್ವಾ ಅಧ್ಯಕ್ಷರೇ? ಗುಲಾಬಿಗೆ ಬೇಕು. ಆದ್ರೆ ಅವಳನ್ನೂ ಯಾರೂ ಕೇಳ್ತಿಲ್ಲ. ಎರಡೂ ಒಂದೇ ಅಲ್ವಾ?"

ಅವರು ನನ್ನ ಕಡೆ ತಿರುಗಿದರು.

"ಹೆಸರು ಯಾರದ್ದೇ ಹೇಳ್ಲಿ" ಎಂದೆ. "ವಸ್ತು ಹುಟ್ಲಿ. ಆದ್ರೆ ಹುಟ್ಟಿದ ತಕ್ಷಣ ಯಾರದ್ದೂ ಆಗೋದು ಬೇಡ. ಹೆಸರಿದ್ದವರು ಬಂದು, ಒಪ್ಪಿ, ಅದನ್ನ ಮುಟ್ಟಿದ ಮೇಲೇ ಅವರದಾಗ್ಲಿ. ಬೇಡ ಅಂದ್ರೆ ಅದು ಇಲ್ಲವಾಗಿ ಹೋಗ್ಲಿ."

"ಮುಟ್ಟೋ ತನಕ ಯಾರದು?"

"ಯಾರದ್ದೂ ಅಲ್ಲ."

"ಯಾರದ್ದೂ ಅಲ್ಲದ ವಸ್ತು ಊರಲ್ಲಿ ಇರಬಾರದಮ್ಮ. ಅದು ಯಾರ ಮಾತು ಕೇಳುತ್ತೆ?"

"ಯಾರ ಮಾತೂ ಕೇಳಲ್ಲ. ಸುಮ್ನೆ ಬಿದ್ದಿರುತ್ತೆ."

ಅವರು ಕಣ್ಣು ಮುಚ್ಚಿಕೊಂಡರು. ಆಮೇಲೆ ಮೆಲ್ಲನೆ ಕೇಳಿದರು, "ಆ ಗೋಡೆಗೂ ಇದು ನಡೆಯುತ್ತಾ? ರೇವಣ್ಣ ಬೇಡ ಅಂದಿದ್ದ ಅಂತ ಈಗ ಬರೆದ್ರೆ?"

ಹೌದೆನ್ನಬೇಕೆನಿಸಿತು. "ಇಲ್ಲ ಅಧ್ಯಕ್ಷರೇ. ಹುಟ್ಟೋ ಹೊತ್ತಿಗೆ ಮಾತ್ರ ನಮ್ಮ ಮಾತು ನಡೆಯೋದು. ಆಗಿ ಹೋದದ್ದು ಆಗಿ ಹೋದ ಹಾಗೇ ಇರುತ್ತೆ."

"ಹೂಂ" ಎಂದರು. ಒಳಗಿನಿಂದ ಸೊಸೆ ಕಾಫಿ ತಂದಿಟ್ಟರೂ ಮುಟ್ಟಲಿಲ್ಲ. ಕೊನೆಗೆ, "ಒಂದೇ ಒಂದು ವಸ್ತು. ಆ ಹುಡುಗಿ ಮಷೀನು. ನಾನೇ ಎದುರಿಗೆ ನಿಂತು ನೋಡ್ತೀನಿ. ಎಡವಟ್ಟಾದ್ರೆ ಹಳೇ ಸಾಲು ವಾಪಸ್" ಎಂದರು.

ಹೇಳಿದಷ್ಟು ಸುಲಭವಾಗಿರಲಿಲ್ಲ. ಇಷ್ಟು ವರ್ಷ ಆ ನಡುವಿನ ಜಾಗದಲ್ಲಿ ಒಂದು ಸಾಲು ಸಾಕಾಗುತ್ತಿತ್ತು. ಈಗ ಸೃಷ್ಟಿಸುವ ಕೆಲಸವನ್ನೇ ಫ್ರೇಮ್‌ವರ್ಕಿನ ಕೈಯಿಂದ ಬಿಡಿಸಿ ನನ್ನ ಕೈಗೆ ತೆಗೆದುಕೊಳ್ಳಬೇಕಿತ್ತು. ಮೊದಲ ಸಲ ಅದು ಒಡೆಯರಿಲ್ಲದ ವಸ್ತುವನ್ನು ಮಾಡಲು ಒಪ್ಪಲೇ ಇಲ್ಲ. ಒಡೆಯರು ಬೇಕು, ಒಡೆಯರು ಬೇಕು ಎಂದು ಕೆಂಪಕ್ಷರದಲ್ಲಿ ತಕರಾರು. ಆ ತಪಾಸಣೆಯನ್ನು ಸಡಿಲಿಸಿದೆ. ಪರೀಕ್ಷೆಗೆಂದು ನನ್ನ ಪಕ್ಕದಲ್ಲೇ ಒಂದು ಮಣೆ ಕೇಳಿದೆ. ಮಣೆ ಹುಟ್ಟಿತು. ಮುಟ್ಟಿದರೆ ಕೈಗೆ ತಾಗುತ್ತಿತ್ತು, ಎತ್ತಿದರೆ ಏಳುತ್ತಿರಲಿಲ್ಲ. ಯಜಮಾನರ ಹೆಸರು ಹೇಳಿದ್ದೆ. ಮಧ್ಯಾಹ್ನ ಅವರು ಏದುಸಿರು ಬಿಡುತ್ತ ಬುತ್ತಿ ತಂದರು.

"ಆ ಮಣೆ ಎತ್ತಿ ನೋಡ್ರೀ."

ಬಗ್ಗಿ ಎತ್ತಿದರು. ಸಲೀಸಾಗಿ ಬಂತು. "ನಂದಾ ಇದು?" ಎಂದರು.

"ಬೇಕಾದ್ರೆ ನಿಮ್ದು."

ಅವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಕೂತು ಉಣ್ಣೋಕಾಗುತ್ತೆ" ಎಂದು ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲಿಳಿದರು. ನಾನು ಮತ್ತೆ ಎರಡು ಸಲ ಎಲ್ಲ ಓದಿ ನೋಡಿದೆ. ಕಣ್ಣು ಉರಿಯುತ್ತಿತ್ತು. ಹಳೆಯ ಸಾಲನ್ನು ಅಳಿಸಿದೆ. ಕಿಟಕಿಯ ಹೊರಗೆ ಯಾರೂ ಇಲ್ಲದ ಹೊತ್ತಿನಲ್ಲಿ, ಗುಲಾಬಿ ಎಂದು ಬರೆದು, ಮಷೀನು ಕೇಳಿ, ಸೇವ್ ಒತ್ತಿದೆ.

ಸಂಜೆ ಅಧ್ಯಕ್ಷರು ಕೋಲೂರಿಕೊಂಡು ಓಣಿಯ ಬಾಯಿಗೆ ಬಂದು ನಿಂತಿದ್ದರು. ಒಟ್ಟಿಗೆ ಒಳಗೆ ಹೋದೆವು. ಗುಲಾಬಿ ಚಾಪೆಯ ಮೇಲೆ ಗೋಡೆಗೊರಗಿ ಕೂತಿದ್ದಳು. ಹಳೆಯ ಮಷೀನಿನ ಪಕ್ಕದಲ್ಲಿ ಹೊಸದು ನಿಂತಿತ್ತು, ಅದೇ ಕಪ್ಪು ಬಣ್ಣದ್ದು. ಮಾದೇಶ ಅದರ ಎದುರು ಕುಕ್ಕರಗಾಲಿನಲ್ಲಿ ಕೂತಿದ್ದ. ನಾವು ಬರುವ ಮೊದಲೇ ಚಕ್ರವನ್ನು ತಿರುಗಿಸಿ ನೋಡಿದ್ದಿರಬೇಕು, ಅಂಗೈ ಕೆಂಪಾಗಿತ್ತು.

"ಇದು ಕೆಟ್ಟಿದೆ ನೀಲಕ್ಕ. ಅಲ್ಲಾಡ್ತಾನೇ ಇಲ್ಲ" ಎಂದ.

"ಕೆಟ್ಟಿಲ್ಲ ಕಣಪ್ಪ. ನಿಂಗಲ್ಲ ಅದು."

ಗುಲಾಬಿ ತಲೆಯೆತ್ತಿದಳು. "ಮತ್ತೆ ನಿನ್ ಹೆಸರಿಗೆ ಮಾಡಿದೀಯಾ?"

"ನಿನ್ ಹೆಸರಿಗೆ. ಇನ್ನೂ ಪೂರ್ತಿ ನಿಂದಾಗಿಲ್ಲ. ನಿಂಗೆ ಬೇಕು ಅಂದ್ರೆ ಕೈಯಿಡು, ಆಗುತ್ತೆ. ಬೇಡ ಅಂದ್ರೆ ಹೋಗುತ್ತೆ."

ಅವಳು ನಂಬಲಿಲ್ಲ. ಅಧ್ಯಕ್ಷರ ಮುಖ ನೋಡಿದಳು. ಅವರು ತಲೆಯಾಡಿಸಿದರು. "ನಿನ್ನನ್ನೇ ಕೇಳ್ತಾ ಇದೀವಿ ತಾಯಿ. ಬೇಕಾ?"

"ನನ್ನ ಕೈಗೇ ಶುರುವಾಗುತ್ತಾ?"

"ನಿನ್ನ ಕೈಗೆ."

"ನಿಂತ್ರೆ?"

"ನೀನೇ ಮತ್ತೆ ಶುರು ಮಾಡ್ಕೋಬಹುದು. ಎಷ್ಟು ಸಲ ಬೇಕಾದ್ರೂ."

"ಬೇಕು" ಎಂದಳು.

ಚಾಪೆಯ ಮೇಲೆ ಕೈಯೂರಿ ಜರುಗುತ್ತ ಮಷೀನಿನ ಹತ್ತಿರ ಬಂದಳು. ಪಟ್ಟಿ ಕಟ್ಟಿರದ ಎಡಗೈಯನ್ನು ಮೇಲೆತ್ತಿ, ಚಕ್ರಕ್ಕೆ ಇನ್ನೇನು ತಾಗಬೇಕು ಎನ್ನುವಷ್ಟರಲ್ಲಿ ಹಿಂದಕ್ಕೆ ತೆಗೆದುಕೊಂಡಳು. ಮಾದೇಶ, ನಾನು, ಅಧ್ಯಕ್ಷರು, ಬಾಗಿಲಲ್ಲಿ ನಿಂತಿದ್ದ ಅವಳ ಅತ್ತಿಗೆ, ಎಲ್ಲರೂ ಅವಳ ಕೈಯನ್ನೇ ನೋಡುತ್ತಿದ್ದೆವು.

"ಯಾಕಮ್ಮ?" ಎಂದರು ಅಧ್ಯಕ್ಷರು.

"ಈಗ ಮುಟ್ಟಿದ್ರೆ ಹೊಲಿಯೋಕೆ ಶುರು ಮಾಡ್ಬಿಡ್ತೀನಿ. ನಂಗೆ ಗೊತ್ತು. ಮೊದ್ಲು ಮಲಗ್ತೀನಿ. ನಾಳೆ ಮುಟ್ತೀನಿ" ಎಂದಳು ಗುಲಾಬಿ. ಆಮೇಲೆ, ಯಾರಿಗೂ ಅಲ್ಲದೆ ತನಗೇ ಹೇಳಿಕೊಳ್ಳುವ ಹಾಗೆ, "ನಂದೇ ಅಂದ್ಮೇಲೆ ಎಲ್ಲಿಗೆ ಹೋಗುತ್ತೆ?" ಎಂದಳು.

ಅಲ್ಲೇ ಮಷೀನಿನ ಬುಡದಲ್ಲಿ ಮಲಗಿದಳು. ದಿಂಬು ಕೊಡಲು ಅತ್ತಿಗೆ ಬರುವಷ್ಟರಲ್ಲಿ ಉಸಿರು ಆಳವಾಗಿತ್ತು. ಮಾದೇಶ ಎದ್ದು ನಿಂತು, ಏನು ಮಾಡಬೇಕೆಂದು ತೋಚದೆ, ಅವಳ ಕಾಲಿನ ಮೇಲೆ ಹೊದಿಕೆ ಎಳೆದ. ಯಾರದ್ದೂ ಅಲ್ಲದ ವಸ್ತುವನ್ನು ಹಾಗೇ ಬಿಟ್ಟು ಹೋಗುವುದು ಅಧ್ಯಕ್ಷರಿಗೆ ಒಪ್ಪಿಗೆಯಾಗಲಿಲ್ಲ. ಹೊರಗಿನ ಜಗುಲಿಯ ಮೇಲೆ ಕೋಲನ್ನು ಪಕ್ಕಕ್ಕಿಟ್ಟು ಕೂತುಕೊಂಡರು. ನಾನು ಸಿದ್ಧಗಂಗಮ್ಮನ ಒಲೆ ಹೊತ್ತಿಸಲು ಹೋದೆ.

ಮರುದಿನ ಹೊತ್ತು ನೆತ್ತಿಗೇರಿದ ಮೇಲೆ ಗುಲಾಬಿ ಎದ್ದು, ಮುಖ ತೊಳೆದು, ಕಾಫಿ ಕುಡಿದು, ಚಕ್ರ ಮುಟ್ಟಿದಳಂತೆ. ಅಧ್ಯಕ್ಷರು ಬಂದು ನೋಡಿಕೊಂಡು ಹೋದರು. ಹೊಸ ಕೋಡ್ ಉಳಿಯಿತು. ಈಗ ಮೆಟ್ಟಿಲು ಹತ್ತಿ ಬರುವ ಗಂಡಸರು ಹೆಂಡತಿಯ ಹೆಸರು ಹೇಳುತ್ತಾರೆ, ಕೆಲವರು ಹೇಳುವುದಿಲ್ಲ. ಬೇಡವೆಂದು ತಿರಸ್ಕರಿಸಿದವರೂ ಇದ್ದಾರೆ. ಒಬ್ಬಾಕೆ ಗಂಡ ಕೇಳಿದ ರುಬ್ಬುವ ಯಂತ್ರವನ್ನು ಮುಟ್ಟದೆ, "ಒಲೆ ನಿಮ್ದು, ರುಬ್ಬೋದು ಮಾತ್ರ ನಂದಾ?" ಎಂದಳಂತೆ. ಅವನು ಮತ್ತೆ ಮೇಲೆ ಬಂದು ನನ್ನ ಹತ್ತಿರ ಗೊಣಗಿದ. ಪುರಸಭೆಯವರು ಇನ್ನೂ ಏನೇನೋ ಸೇರಿಸಬೇಕೆನ್ನುತ್ತಿದ್ದಾರೆ. ವಸ್ತುವಿಗೆ ಬಣ್ಣ ತಾನಾಗಿ ಬೀಳಬೇಕಂತೆ, ಬೀದಿಯ ಹೆಸರು ತಾನಾಗಿ ಸೇರಬೇಕಂತೆ. ಬರೆಯುತ್ತೇನೆ ಎಂದಿದ್ದೇನೆ. ಯಾವಾಗ ಎಂದು ಹೇಳಿಲ್ಲ.

ಹಳೆಯ ಮನೆಗಳನ್ನು ನಾನು ಬಿಟ್ಟಿಲ್ಲ, ಬಿಡಲು ಬರುವುದೂ ಇಲ್ಲ. ಒಂದು ಮನೆಗೆ ಒಂದೇ ಒಲೆ, ಒಂದೇ ಪಂಪು ಎಂಬ ನಿಯಮವನ್ನು ಪುರಸಭೆ ಸಡಿಲಿಸಿಲ್ಲ. ಆ ಒಲೆ, ಆ ಪಂಪು ಸವೆದು ಹೋಗುವ ತನಕ ನನ್ನವೇ. ಸಂಜೆ ನಡೆಯುತ್ತೇನೆ. ಒಂದು ಮನೆ ಕಡಿಮೆಯಾಗಿದೆ, ಕಾಲಿಗೆ ಅದೂ ಗೊತ್ತಾಗುತ್ತದೆ.

ಮೊನ್ನೆ ಕೆಲಸವಿಲ್ಲದೆಯೂ ಹಳೆ ಬೇಕರಿಯ ಹಿಂದಿನ ಓಣಿಗೆ ಹೋದೆ. ಗುಲಾಬಿ ಒಂದು ಲಂಗದ ಅಂಚು ಹೊಲಿಯುತ್ತಿದ್ದಳು. ನಾನು ಹೊಸ್ತಿಲಲ್ಲಿ ನಿಂತದ್ದನ್ನು ನೋಡಿ, ಅಂಚು ಅರ್ಧಕ್ಕೆ ಬಂದಿದ್ದ ಹಾಗೆಯೇ, ಮೊಣಕೈ ತೆಗೆದಳು. ಮಷೀನು ನಿಂತಿತು. ಅಷ್ಟು ದಿನಗಳಲ್ಲಿ ಆ ಕೋಣೆಯಲ್ಲಿ ನಾವಿಬ್ಬರೂ ಮಷೀನಿನ ಸದ್ದಿಲ್ಲದೆ ನೆಮ್ಮದಿಯಾಗಿ ಮಾತಾಡಿರಲೇ ಇಲ್ಲ. ಅವಳು ಬಟ್ಟೆಯನ್ನು ತೊಡೆಯಿಂದ ಸರಿಸಿ ಚಾಪೆಯ ಮೇಲೆ ಜಾಗ ಮಾಡಿದಳು.

"ಕೂತ್ಕೊ ಅಕ್ಕ," ಎಂದಳು. "ಮದುವೆ ಹೇಗಾಯ್ತು ಅಂತ ನಾನು ಕೇಳ್ಲೇ ಇಲ್ಲ ನೋಡು."